ಅಜ್ಜಿಯ ಹೆಸರಿಗೊಂದು ಲ್ಯಾಟಿನ್

ಮಗು ಹೆರುವ ಕಷ್ಟ ಹೆಂಗಸರದು, ನಿಜ. ಆದರೆ ಅದಕ್ಕೆ ಹೆಸರಿಡುವಾಗ ಅಮ್ಮನಿಗೂ ಹೆಂಡತಿಗೂ ನಡುವೆ ನಿಲ್ಲುವ ಗಂಡಸಿನ ಕಷ್ಟಕ್ಕೆ ಯಾವ ಸೂಲಗಿತ್ತಿಯೂ ಒದಗುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ನಾನು ಮುಳಬಾಗಿಲಿನಲ್ಲಿ ಮೇಷ್ಟ್ರಾಗಿದ್ದಾಗ ನಮಗೆ ಮಗಳು ಹುಟ್ಟಿದಳು. ತೀರಿಹೋದ ತನ್ನ ಅತ್ತೆಯ, ಅಂದರೆ ನನ್ನಜ್ಜಿ ಚಿನ್ನಮ್ಮನ ಹೆಸರನ್ನೇ ಇಡಬೇಕೆಂದು ಅಮ್ಮ ಪಟ್ಟುಹಿಡಿದಳು. "ಅವರು ಸಾಯೋವಾಗ ಮಾತು ಕೊಟ್ಟಿದೀನಿ ಕಣೋ. ಬೇರೆ ಹೆಸರಿಟ್ರೆ ವಕ್ಕಲೇರಿಗೆ ನಮ್ಮಣ್ಣನ ಮನೆಗೆ ಹೊರಟೋಗ್ತೀನಿ." ನನ್ನ ಹೆಂಡತಿ ನಂಗಲಿಯವಳು, ಮನೆಮಾತು ತೆಲುಗು. "ನಮ್ಮ ಕಡೆ ಚಿನ್ನಮ್ಮ ಅಂದ್ರೆ ಚಿಕ್ಕಮ್ಮ ಕಣ್ರೀ. ಹೆತ್ತ ಮಗಳನ್ನ ಚಿಕ್ಕಮ್ಮ ಅಂತ ಕರೀಲಾ? ಕೋಲಾರ, ಮಾಲೂರು, ಶ್ರೀನಿವಾಸಪುರ ಎಲ್ಲೂ ಇಲ್ಲದ ಹೆಸರು ಬೇಕು ನಂಗೆ," ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಅಂದಿನಿಂದ ಸಾರಿಗೆ ಉಪ್ಪು ಸಾಲದೆಂಬ ಸುದ್ದಿಯೂ ನನ್ನ ಬಾಯಿಂದಲೇ ಆಚೀಚೆ ದಾಟಬೇಕಾಯಿತು.

ಅಜ್ಜಿಯೂ ಉಳಿಯಬೇಕು, ಹೆಸರೂ ಹೊಸದಾಗಬೇಕು. ಚಿನ್ನವನ್ನೇ ದೂರದೇಶದ ಭಾಷೆಯಲ್ಲಿ ಹೇಳಿಬಿಟ್ಟರೆ? ನಮ್ಮ ಉರ್ದು ಮೇಷ್ಟ್ರು 'ಝರೀನಾ' ಅಂದರು. ನಮ್ಮ ಬೀದಿಯಲ್ಲೇ ಇಬ್ಬರು ಝರೀನಾರಿದ್ದರು. ನಾಮಕರಣದ ಹಿಂದಿನ ದಿನ ಕೋಲಾರದ ಬಸ್ಸು ಹತ್ತಿ, ಲ್ಯಾಟಿನ್ ಬಲ್ಲ ಮುದಿ ಪಾದ್ರಿಯೊಬ್ಬರನ್ನು ಹಿಡಿದೆ. ಅವರು ಕಣ್ಣುಮುಚ್ಚಿ ಯೋಚಿಸಿ, "ಔರೇಲಿಯಾ. ಬಂಗಾರದಂಥವಳು" ಎಂದರು. ಮರೆತೇನೆಂಬ ಭಯಕ್ಕೆ ದಾರಿಯುದ್ದಕ್ಕೂ ಜಪಿಸುತ್ತ ಬಂದೆ. ಪಕ್ಕದಲ್ಲಿದ್ದವರು ಸೀಟು ಬದಲಿಸಿದರು. ಹೆಂಡತಿ ಒಪ್ಪಿದಳು. ಅಮ್ಮನಿಗೆ ಹೇಳಲು ಧೈರ್ಯ ಸಾಲಲಿಲ್ಲ.

ಮರುದಿನ ತೊಟ್ಟಿಲ ಸುತ್ತ ನೆಂಟರು. ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಬಟ್ಟೆಗಂಟು. ಮಗುವಿನ ಕಿವಿಯಲ್ಲಿ ಉಸುರಿ, ಆಮೇಲೆ ಗಟ್ಟಿಯಾಗಿ ಹೇಳಿದೆ.

"ಏನಂದೆ? ಅವರೆಯಾ, ಇಲಿಯಾ?"

"ಔರೇಲಿಯಾ ಅಮ್ಮ. ಅಜ್ಜಿ ಹೆಸರೇ, ಬೇರೆ ಭಾಷೇಲಿ."

ಅಮ್ಮ ಹೊಸ್ತಿಲು ದಾಟಲು ತಿರುಗಿದಳು. ಆಗ ನೆಂಟರಲ್ಲೊಬ್ಬ ಮುದುಕಿ, "ಅವರೇನಾದ್ರೂ ಇಟ್ಕೊಳ್ಳಲಿ ಬಿಡೇ. ನೀನು ಚಿನ್ನಮ್ಮ ಅಂತ್ಲೇ ಕರಿ, ಯಾರು ಬೇಡಾಂತಾರೆ?" ಎಂದಳು.

ಅಮ್ಮ ಬಾಯಿ ತೆರೆದಳು. ಸ್ವರ ಹೊರಡಲಿಲ್ಲ. ಅತ್ತೆಯ ಹೆಸರನ್ನು ಸೊಸೆ ಆಡುವಂತಿಲ್ಲ. ಆ ಭಯಕ್ಕೆ ಅಮ್ಮ ಚಿನ್ನದ ಓಲೆಯನ್ನೂ 'ಹಳದಿ ಓಲೆ' ಎನ್ನುತ್ತಿದ್ದವಳು! ತಾನು ಹಟಹಿಡಿದ ಹೆಸರನ್ನು ತಾನೇ ಕೂಗಲಾಗದೆಂದು ಅವಳಿಗೂ ಹೊಳೆದಿರಲಿಲ್ಲ, ನನಗೂ. ಗಂಟು ಮೆಲ್ಲಗೆ ನೆಲಕ್ಕಿಳಿಯಿತು.

"ಲೇ, ಇದೂ ಅವರ ಹೆಸರೇ ತಾನೇ?"

"ಹೂಂ ಅಮ್ಮ."

"ಬೇರೆ ಭಾಷೇದು ಅಂದ್ಮೇಲೆ ನಾನೂ ಕರೀಬೋದು." ತೊಟ್ಟಿಲಿಗೆ ಬಾಗಿ, "ಅವರೇಲೀ" ಎಂದಳು. ಇನ್ನೊಮ್ಮೆ ಕರೆದಳು. ದನಿ ಒದ್ದೆಯಾಗಿತ್ತು.

ನಾನು ಗೆದ್ದೆನೆಂದು ಬೀಗುತ್ತ ಎಲೆಯಡಿಕೆ ಮೆಲ್ಲುತ್ತಿದ್ದಾಗ ಹೆಂಡತಿ ಬಳಿಗೆ ಬಂದಳು. "ರೀ, ನಿಮ್ಮ ಹೆಸರಿಗೆ ಆ ಭಾಷೇಲಿ ಏನಂತಾರೆ?"

"ಯಾಕೆ?" ಎಂದೆ, ಉಬ್ಬಿಹೋಗಿ.

"ಗಂಡನ ಹೆಸರೂ ಹೇಳೋ ಹಾಗಿಲ್ಲವಲ್ಲ. ಬೈಯೋವಾಗ ಬರೀ 'ರೀ' ಅಂದ್ರೆ ಸಾಲ್ತಿಲ್ಲ."