ಸರ್ವರ್‌ಗೆ ಕಾವಲು ಕೂತ ದೊಡ್ಡಪ್ಪ

ನಮ್ಮ ದೊಡ್ಡಪ್ಪನಷ್ಟು ಅನುಮಾನದ ಮನುಷ್ಯ ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ತೋರಿಸಿ, ಕಾಫಿ ಕೊಡಿಸುತ್ತೇನೆ! ತಮ್ಮದೇ ಹಸುವನ್ನು ತಾವೇ ಕರೆದು, ಆ ಹಾಲಿಗೆ ಯಾರಾದರೂ ನೀರು ಬೆರೆಸಿರಬಹುದೇ ಎಂದು ಬೆರಳಿಗೆ ಹಚ್ಚಿ ನೋಡುವವರು ಅವರು. ಅಂಗಡಿಯ ಬೀಗ ಹಾಕಿ ಜಗ್ಗುತ್ತಾರೆ, ಬಸ್ ನಿಲ್ದಾಣದಿಂದ ನನ್ನನ್ನು ವಾಪಸು ಅಟ್ಟಿ ಜಗ್ಗಿಸುತ್ತಾರೆ, ಜಗ್ಗಿ ಬಂದೆನೆಂದರೆ ನನ್ನ ಮುಖ ನೋಡಿ ತಾವೇ ಹೋಗಿ ಮತ್ತೊಮ್ಮೆ ಜಗ್ಗುತ್ತಾರೆ.

ಇಂಥವರ ಕಂಪ್ಯೂಟರನ್ನು ಬೇರೆ ಊರುಗಳಿಗೆ ತೆರೆದಿಡುವ ಕೆಲಸ ನನ್ನ ತಲೆಗೆ ಬಂತು. ದೊಡ್ಡಪ್ಪನದು ಹಾಸನದಲ್ಲಿ ದನಗಳ ಔಷಧಿ ಅಂಗಡಿ. ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ಶಾಖೆಗಳು. ಅರಕಲಗೂಡಿನ ಶಾಖೆಯನ್ನು ಅವರ ಒಬ್ಬಳೇ ಮಗಳು, ಅಂದರೆ ನಮ್ಮಕ್ಕ, ನೋಡಿಕೊಳ್ಳುತ್ತಾಳೆ. ತಾನು ಮೆಚ್ಚಿದವನನ್ನು ಹೇಳದೆ ಕೇಳದೆ ಮದುವೆಯಾದ ದಿನದಿಂದ ಅಪ್ಪ ಮಗಳಿಗೆ ಮಾತಿಲ್ಲ. ಔಷಧಿ ಬಸ್ಸಿನಲ್ಲಿ ಹೋಗುತ್ತದೆ, ಮಾತು ಹೋಗುವುದಿಲ್ಲ. ನೋಡುವ ನಮಗೇ ಸಂಕಟ.

ಯಾವ ಔಷಧಿ ಎಲ್ಲಿದೆ ಎಂಬುದನ್ನೆಲ್ಲ ನಾನು ಜಾವಾ ಎಂಬ ಕಂಪ್ಯೂಟರ್ ಭಾಷೆಯ ಒಂದು ಪುಟ್ಟ ಡೇಟಾಬೇಸಿಗೆ ತುಂಬಿಸಿಕೊಟ್ಟಿದ್ದೆ. ಅದನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ತೆರೆಯಬಹುದು. ಎರಡನೆಯದು ಬಂದರೆ ಒಳಗೆ ಬಿಡುವುದಿಲ್ಲ. ದೊಡ್ಡಪ್ಪನಿಗೆ ಜನ್ಮದಲ್ಲಿ ಮೊದಲ ಬಾರಿಗೆ ಒಂದು ಯಂತ್ರದ ಮೇಲೆ ಗೌರವ ಹುಟ್ಟಿತು! ಬೇರೆ ಊರಿನವರೂ ನೋಡಬೇಕಾದರೆ ಅದನ್ನು ಸರ್ವರ್ ಆಗಿ, ಅಂದರೆ ದೂರದಿಂದ ಕೇಳಿದವರಿಗೂ ಉತ್ತರಿಸುವ ಹಾಗೆ, ಓಡಿಸಬೇಕು ಎಂದೆ.

“ಓಡ್ಸು. ಆದ್ರೆ ಯಾರ್ನೂ ಒಳೀಕೆ ಬುಡ್ಬ್ಯಾಡ.”

ತಮಾಷೆಯೆಂದರೆ ಆ ಸರ್ವರ್ ಕೂಡ ಅವರ ಪೈಕಿಯೇ! ಶುರು ಮಾಡಿದರೂ ತಾನಿರುವ ಕಂಪ್ಯೂಟರಿನ ಮಾತನ್ನಷ್ಟೇ ಕೇಳುತ್ತದೆ. ಹೊರಗಿನವರಿಗೂ ಕಿವಿಗೊಡು ಎಂದು ನಾವೇ ಬರೆದು ಹೇಳಬೇಕು. ಹೇಳಿದೆ. ಊರುಗಳ ನಡುವೆ ಇಂಟರ್‌ನೆಟ್ಟಿನಲ್ಲಿ ಖಾಸಗಿ ದಾರಿ ಮಾಡಿ, ಅರಕಲಗೂಡು ಬಿಟ್ಟು ಉಳಿದೆರಡು ಶಾಖೆಗಳಿಗೂ ಹೆಸರು, ಪಾಸ್‌ವರ್ಡು ಕೊಟ್ಟೆ. ಚನ್ನರಾಯಪಟ್ಟಣದ ಹೆಸರು ಪರದೆಯ ಮೇಲೆ ಮೂಡಿದ್ದೇ ತಡ, ದೊಡ್ಡಪ್ಪ ವೈರು ಕಿತ್ತರು!

“ಯಾರೋ ನುಗ್ಬುಟ್ರು ಕಣ್ಲಾ!”

“ನಮ್ಮ ಶಾಖೆಯವ್ರೇ ದೊಡ್ಡಪ್ಪ! ಕ್ಯಾಲ್ಸಿಯಂ ಬಾಟ್ಲು ಐತಾ ಅಂತ ನೋಡ್ತಾವ್ರೆ.”

“ಫೋನ್ ಮಾಡಿ ಕೇಳಾಕಾಗಾಕಿಲ್ವಾ?”

ಫೋನ್ ಮಾಡಿದಾಗಲಾದರೂ ಹೇಳುತ್ತಿದ್ದರೇ? ಪಕ್ಕದ ಅಂಗಡಿಯವರು ಕೇಳಿಸಿಕೊಳ್ಳುತ್ತಾರೆಂದು ಉತ್ತರವನ್ನೇ ಕೊಡುತ್ತಿರಲಿಲ್ಲ!

ಆಮೇಲೆ ಪರದೆಯ ಮುಂದೆ ಕಾವಲು ಕೂತರು. ಒಳಗೆ ಬಂದವರನ್ನೆಲ್ಲ ಗುರಾಯಿಸುವುದೇ ಕೆಲಸ. ಅರಕಲಗೂಡಿನ ಮಾತೆತ್ತಿದರೆ ನನಗೆ ಬೈಗುಳ.

ಒಂದು ದಿನ ಕೊಣನೂರಿನ ರೈತರೊಬ್ಬರು, ಅರಕಲಗೂಡಿನಲ್ಲಿ ಔಷಧಿ ಮುಗಿದಿದೆಯೆಂದು ಹಾಸನದವರೆಗೆ ಬಸ್ಸು ಹತ್ತಿ ಬಂದರು. ನಮ್ಮಲ್ಲೂ ಇರಲಿಲ್ಲ, ಹೊಳೆನರಸೀಪುರದಲ್ಲಿತ್ತು. “ನಿಮ್ಮ ಮಗ್ಳಿಗೆ ಗೊತ್ತಿದ್ದಿದ್ರೆ ಸೀದಾ ಅಲ್ಗೇ ಕಳಿಸ್ತಿತ್ತಲ್ಲ ಸಾ. ಅಸು ಮಲಗ್ಬುಟ್ಟದೆ” ಎಂದು ಓಡಿದರು.

ದೊಡ್ಡಪ್ಪ ಸುಮ್ಮನೆ ಕೆಮ್ಮಿದರು. “ಅರಕಲಗೂಡ್ಗೂ ಒಂದು ಎಸ್ರು ಆಕು. ಅವ್ಳಿಗಲ್ಲ, ದನಗಳ್ಗೆ.”

ನನ್ನನ್ನು ಆಚೆ ನಿಲ್ಲಿಸಿ ಪಾಸ್‌ವರ್ಡು ತಾವೇ ಒತ್ತಿದರು.

“ಅಕ್ಕಂಗೆ ಪಾಸ್‌ವರ್ಡು ಏನಂತ ಹೇಳ್ಲಿ?”

“ನಿಂಗ್ಯಾಕ್ಲಾ ಅದು? ಅವ್ಳಿಗೆ ಗೊತ್ತಾಯ್ತದೆ.”

ಅರಕಲಗೂಡಿಗೆ ಹೋಗಿ, ಅಕ್ಕನ ಕಂಪ್ಯೂಟರಿಗೆ ಎಲ್ಲ ಜೋಡಿಸಿ, ದೊಡ್ಡಪ್ಪ ಅಂದದ್ದನ್ನು ಹಾಗೇ ಹೇಳಿದೆ. ಅಕ್ಕ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ‘ಚುಕ್ಕಿ’ ಎಂದು ಒತ್ತಿದಳು. ಡೇಟಾಬೇಸು ತೆರೆಯಿತು!

“ನಾನು ಚಿಕ್ಕೋಳಿದ್ದಾಗ ತಾಯಿ ಸತ್ತೋಗಿದ್ದ ಕರು ಕಣೋ. ಅಪ್ಪ ನಾನು ಇಬ್ರೂ ಬಾಟ್ಲೀಲಿ ಹಾಲು ಕುಡ್ಸಿ ಉಳಿಸ್ಕೊಂಡ್ವಿ” ಎಂದಳು. ಕಣ್ಣು ತುಂಬಿತ್ತು.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ದೊಡ್ಡಪ್ಪ!

“ಅರಕಲಗೂಡಿಂದ ಯಾರೋ ಒಳೀಕೆ ಬಂದವ್ರೆ ಕಣ್ಲಾ.”

“ಅಕ್ಕನೇ, ದೊಡ್ಡಪ್ಪ.”

“ನಿನ್ ಮಾತು ಎಂಗ್ಲಾ ನಂಬಾದು? ಅವ್ಳ ಕೈಗೆ ಫೋನ್ ಕೊಡು. ದನಿ ಕೇಳ್ದೆ ನಾನು ನಂಬಾಕಿಲ್ಲ.”

ಸ್ಪೀಕರ್ ಹಾಕಿ ಕೊಟ್ಟೆ. ಅಕ್ಕ “ಅಪ್ಪಾ” ಎಂದಳು. ಆ ಕಡೆಯಿಂದ ಒಂದು ಕೆಮ್ಮು ಕೇಳಿಸಿತು.

“ಇನ್ನೊಂದ್ಸಲ ಅನ್ನವ್ವ,” ಎಂದರು ದೊಡ್ಡಪ್ಪ. “ನಂಗಿನ್ನೂ ಅನುಮಾನ ಐತೆ.”