ಕೌದಿಯ ಮೂಲೆಯ ಹಕ್ಕಿ

ಅಂಗಡಿಯವರ ತಕ್ಕಡಿಯಲ್ಲಿ ತಪ್ಪು ಹುಡುಕುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತೇನೆ. ಆದರೂ ಉಪಕಾರಸ್ಮರಣೆಯಿಲ್ಲ. ಭಾನುವಾರ ಬಂದರೆ ದುರ್ಬೀನು ಕೊರಳಿಗೆ ಹಾಕಿಕೊಂಡು ಕೆರೆ ಸುತ್ತುವುದರಿಂದ ಬೀದಿಯವರು ನನ್ನನ್ನು ‘ಪಕ್ಷಿಪಂಡಿತರು’ ಎನ್ನುತ್ತಾರೆ. (ಹೆಂಡತಿ ಎನ್ನುವುದಿಲ್ಲ.)

ಇಂಥವನ ಮನೆಯಲ್ಲಿ ಅವಳು ಹಕ್ಕಿಗಳ ಕೌದಿ ಹೊಲಿಯಲು ಹೊರಟಳು. ಹೊದೆಯುವುದಲ್ಲ, ಗೋಡೆಗೆ ತೂಗುಹಾಕುವ ಚಿತ್ರದ ಕೌದಿ. ಬಟ್ಟೆತುಂಡುಗಳನ್ನು ಹಕ್ಕಿಯಾಕಾರಕ್ಕೆ ಕತ್ತರಿಸಿ ಅಂಟಿಸಿ, ಒಂದೊಂದು ಗರಿಯನ್ನೂ ಮಷೀನಿನ ದಾರದಲ್ಲೇ ಬಿಡಿಸುವುದು. ಗ್ರಂಥಾಲಯದ ಸಭಾಂಗಣದಲ್ಲಿ ಪ್ರದರ್ಶನವಿತ್ತು. ಅವಳ ಕೈಕೆಲಸ ಮೊದಲ ಸಲ ನಾಲ್ಕು ಜನರ ಕಣ್ಣಿಗೆ ಬೀಳುವುದಿತ್ತು. ನನಗೋ ಬೇರೆ ಚಿಂತೆ. ಪಕ್ಷಿಪಂಡಿತನ ಮನೆಯಿಂದ ತಪ್ಪು ಹಕ್ಕಿ ಹೊರಬಿದ್ದರೆ ನನ್ನ ಮಾನ ಏನಾಗಬೇಕು?

“ಇದೇನು, ಬಟ್ಟೆ ಮುಂದಕ್ಕೇ ಹೋಗ್ತಿಲ್ಲ?” ಎಂದು ಮೊದಲ ದಿನವೇ ವಿಚಾರಿಸಿದೆ.

“ಸೂಜಿ ಕೆಳಗೆ ಬಟ್ಟೆ ತಳ್ಳೋ ಹಲ್ಲು ಇಳಿಸಿದೀನಿ. ಇನ್ನು ಬಟ್ಟೆ ನಾನು ಎಳೆದ ಕಡೆಗೆಲ್ಲ ಬರುತ್ತೆ.”

(ಹೀಗೆನ್ನುವಾಗ ನನ್ನತ್ತ ಯಾಕೆ ನೋಡಿದಳೋ ತಿಳಿಯಲಿಲ್ಲ.)

ಮಷೀನು ದಡದಡ ಓಡಿತು. ಬಾತುಕೋಳಿ ಮುಗಿಯಿತು. ನಾನು ಬಗ್ಗಿ ನೋಡಿದೆ.

“ಮೊಟ್ಟೆ ಮೇಲೆ ಗಂಡು ಕೂತಿದೆಯಲ್ಲೇ! ತಲೆ ಹಸಿರಿದೆ ನೋಡು. ಗಂಡು ಬಾತು ಕಾವು ಕೂರೋದಿಲ್ಲ.”

“ಗೊತ್ತು ಕಣ್ರೀ. ಆಸೆಗೆ ಕೂರಿಸಿದೆ.”

ಪ್ರಕೃತಿನಿಯಮವನ್ನು ನಾನು ಬಿಟ್ಟುಕೊಡಲಿಲ್ಲ. ಅವಳು ತಲೆ ಬಿಚ್ಚಿ ಕಂದು ಬಟ್ಟೆ ಹಾಕಿದಳು. ಆಮೇಲೆ ಮರಕುಟಿಗ. ಅದಕ್ಕೆ ಎರಡು ಬೆರಳು ಮುಂದೆ, ಎರಡು ಹಿಂದೆ. ಇವಳು ಮುಂದೆ ಮೂರು ಹೊಲಿದಿದ್ದಳು.

“ಬೆರಳು ಎಣಿಸೋಕೆ ಅಲ್ಲಿಗೆ ಯಾರು ಬರ್ತಾರ್ರೀ?”

“ನಾನೇ ಬರ್ತೀನಲ್ಲ!”

ಬಿಚ್ಚಿದಳು, ಹೊಲಿದಳು. ಬಾಲ ಗಿಡ್ಡವಾಯಿತು ಎಂದೆ. ಮತ್ತೆ ಬಿಚ್ಚುವಾಗ ಬಟ್ಟೆ ಕೈಕೊಟ್ಟಿತು. ಮರಕುಟಿಗ ಕೂತಿದ್ದ ಮೂಲೆಯಲ್ಲಿ ಜರಡಿಯಂತೆ ಬರೀ ಸೂಜಿತೂತು. ಕೌದಿ ಕೊಡಬೇಕಾದದ್ದು ಮರುದಿನ. ಅವಳ ಕಣ್ಣಲ್ಲಿ ನೀರು ಬಂತು. ನನಗೆ ನಿಜವಾಗಿಯೂ ಪಾಪವೆನಿಸಿತು.

“ಅದರ ಮೇಲೆ ದೊಡ್ಡ ಹಕ್ಕಿ ಅಂಟಿಸಿ ಮುಚ್ಚಿಬಿಡು,” ಎಂದೆ ಮೆತ್ತಗೆ. “ಸ್ವಲ್ಪ ದಪ್ಪಗಿರೋದು.”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಣ್ಣೊರೆಸಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗೆ ಮಷೀನಿನ ಸದ್ದು, ನಡುನಡುವೆ ನಗು.

“ಅಳತೆ ಸರಿ ಇದೆಯೇನೇ?” ಎಂದು ಹೊರಗಿನಿಂದ ಕೂಗಿದೆ.

“ಇದರ ಅಳತೆ ನನಗೆ ಬಾಯಿಪಾಠ. ನೀವು ಹೋಗಿ ಊಟ ಮಾಡಿ.”

ಪ್ರದರ್ಶನದಲ್ಲಿ ಜನ ಕೌದಿಯ ಮುಂದೆ ಮುಗಿಬಿದ್ದಿದ್ದರು. ಯಾರೂ ಕೇಳದಿದ್ದರೂ ನಾನು ಒಂದೊಂದೇ ಹಕ್ಕಿಯನ್ನು ವಿವರಿಸುತ್ತ ಆ ಮೂಲೆಗೆ ಬಂದೆ. ಇಂಥ ಹಕ್ಕಿಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ನೆತ್ತಿ ಬೋಳು, ಹೊಟ್ಟೆ ಗುಂಡಗೆ, ಕಣ್ಣ ಸುತ್ತ ಕಪ್ಪು ಉಂಗುರ, ಕೊಕ್ಕು ಅಗಲಕ್ಕೆ ತೆರೆದಿದೆ. ಉಳಿದ ಹಕ್ಕಿಗಳು ಹುಳ ಹೆಕ್ಕುತ್ತಿದ್ದರೆ ಇದು ಕೊಂಬೆಯ ಮೇಲೆ ಕೂತು ಅವುಗಳತ್ತ ಕತ್ತು ಚಾಚಿತ್ತು.

ಮಾನದ ಪ್ರಶ್ನೆ! ಗಂಟಲು ಸರಿಪಡಿಸಿಕೊಂಡೆ.

“ಕ್ಷಮಿಸಬೇಕು, ಇಂಥ ಜೀವಿ ಸೃಷ್ಟಿಯಲ್ಲೇ ಇಲ್ಲ. ಇಷ್ಟು ಹೊಟ್ಟೆ ಹೊತ್ತುಕೊಂಡು ಯಾವ ಹಕ್ಕಿಯೂ ಹಾರೋದಿಲ್ಲ. ಬಾಯಿ ಮುಚ್ಚದ ಹಕ್ಕಿಗೆ ಒಂದು ಹುಳಾನೂ ಸಿಗೋದಿಲ್ಲ. ಯಾರಾದರೂ ತಂದು ಹಾಕಿದರೆ ಉಂಟು, ಇಲ್ಲದಿದ್ದರೆ ಹೊಟ್ಟೆಗಿಲ್ಲದೆ ಸಾಯುತ್ತೆ!”

ಜನ ಕೌದಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕೌದಿ ನೋಡಿದರು. ಹಿಂದೆ ಯಾರೋ ಕಿಸಕ್ಕೆಂದರು.

“ತಂದು ಹಾಕ್ತಾನೇ ಇದೀನಲ್ರೀ,” ಎಂದಳು ಹೆಂಡತಿ. “ಅದಕ್ಕೇ ಇನ್ನೂ ಬದುಕಿದೆ.”

ಆ ಕಪ್ಪು ಉಂಗುರ ನನ್ನ ಕನ್ನಡಕ ಎಂದು ನನಗೆ ಹೊಳೆದದ್ದು ಆಗ. ಅಷ್ಟರಲ್ಲಿ ಫೋಟೋದವನು ನನ್ನ ತೋಳು ಹಿಡಿದು ಕೌದಿಯ ಪಕ್ಕ ನಿಲ್ಲಿಸಿದ.

“ಸರ್, ಬಾಯಿ ಸ್ವಲ್ಪ ತೆಗೀರಿ. ಹೋಲಿಕೆ ಚೆನ್ನಾಗಿ ಬರುತ್ತೆ.”

ಇದು ಅನ್ಯಾಯ ಎನ್ನಲು ಬಾಯಿ ತೆರೆದೆ. ಅವನು ಕ್ಲಿಕ್ಕಿಸಿಯೇಬಿಟ್ಟ.