ಬೋಡುಗುಂಡು ಕೆರೆಯ ಕ್ಯಾಂಪಿಂಗು

ಚಲಪತಿ: ಕಟ್ಟಿದೀನಿ ಅಂದೆ ತಾನೆ ನೆನ್ನೆ ಸಾಯಂಕಾಲ?

ಬಾಬಾಜಾನ್: ಕಟ್ಟಿದೀನಲ್ಲ! ಹಗ್ಗ ನೋಡು, ಎಂಥಾ ಗಂಟು! ಜೋಡೆತ್ತು ಎಳೆದ್ರೂ ಬಿಚ್ಚಲ್ಲ.

ಚಲಪತಿ: ಹಗ್ಗ ಮರಕ್ಕೆ ಕಟ್ಟಿದೆ ಕಣಯ್ಯ. ದೋಣಿ ಎಲ್ಲಿ?

ಬಾಬಾಜಾನ್: ಮರದ ಕಡೆ ತುದಿ ನಂದು. ದೋಣಿ ಕಡೆ ತುದಿ ನಿಂದು.

ಚಲಪತಿ: ಯಾವಾಗ ಆಯ್ತು ಈ ಮಾತು?

ಬಾಬಾಜಾನ್: ಮಾತು ಯಾಕಪ್ಪ ಆಗಬೇಕು? ಹಗ್ಗಕ್ಕೆ ತುದಿ ಎರಡು, ನಾವು ಇಬ್ಬರು.

ಬೆಳಗಿನ ಬಿಸಿಲು ಆಗಷ್ಟೇ ಗುಡ್ಡ ದಾಟಿ ಕೆರೆಗೆ ಇಳಿದಿತ್ತು. ಚಿಂತಾಮಣಿಯಿಂದಾಚೆ, ರಸ್ತೆ ಮುಗಿದ ಮೇಲೂ ಅರ್ಧ ಗಂಟೆ ಹೋದರೆ ಸಿಗುವ ಬೋಡುಗುಂಡು ಕೆರೆ ಅದು. ನಡುವೆ ಒಂದು ದಿಣ್ಣೆ, ದಿಣ್ಣೆಯ ಮೇಲೆ ನಾಲ್ಕು ಜಾಲಿ ಮರ, ಒಂದು ನೀಲಿ ಗುಡಾರ, ಈ ಇಬ್ಬರು. ಇವರ ಹಳದಿ ದೋಣಿ ಮಾತ್ರ ಯಾರ ಹಂಗೂ ಇಲ್ಲದೆ, ಹುಟ್ಟುಗಳನ್ನೂ ಹೊತ್ತುಕೊಂಡು, ಆಚೆ ದಡದತ್ತ ತೇಲಿಹೋಗುತ್ತಿತ್ತು.

ಚಲಪತಿ ಜಂಗಮಕೋಟೆಯಲ್ಲಿ ರೇಷ್ಮೆ ಹುಳ ಸಾಕುವವನು. ಬಾಬಾಜಾನ್ ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವವನು. ಮೂವತ್ತು ವರ್ಷದ ಸ್ನೇಹ. ಮೂವತ್ತು ವರ್ಷವೂ ನೂಲು ಯಂತ್ರಗಳ ಗದ್ದಲದಲ್ಲೇ ಕಳೆದ ಬಾಬಾಜಾನನ ಬಿ.ಪಿ. ನೋಡಿ ಡಾಕ್ಟರು, "ಎಲ್ಲಾದರೂ ಸದ್ದಿಲ್ಲದ ಕಡೆ ಎರಡು ದಿನ ಇದ್ದು ಬನ್ನಿ" ಅಂದಿದ್ದರು. ಫೋನಿನಲ್ಲಿ ಬಿಳಿಯರು ದೋಣಿಯಲ್ಲಿ ಹೋಗಿ ಕಾಡುಕೆರೆಯ ಮಧ್ಯೆ ಗುಡಾರ ಹಾಕುವುದನ್ನು ನೋಡಿದ್ದ ಬಾಬಾಜಾನ್, ಬಾಗಿಲು ಮುಚ್ಚಿದ ಒಂದು ರೆಸಾರ್ಟಿನಿಂದ ಇಬ್ಬರೇ ಕೂರುವ ಆ ಉದ್ದನೆಯ ದೋಣಿ ತಂದು, ಚಲಪತಿಯನ್ನು ಹೊರಡಿಸಿದ್ದ. ನೆನ್ನೆಯಿಂದ ಕೆರೆಯಲ್ಲಿ ಕೇಳಿಸಿದ ಒಂದೇ ಸದ್ದು ಬಾಬಾಜಾನನದು.

ಚಲಪತಿ: ಹೋಗು, ಈಜ್ಕೊಂಡು ಹೋಗಿ ದೋಣಿ ತಗೊಂಬಾ.

ಬಾಬಾಜಾನ್: ನಾನಾ? ಹಳ್ಳಿಯೋನು ನೀನು ಹೋಗಪ್ಪ.

ಚಲಪತಿ: ನಮ್ಮೂರ ಬಾವಿ ನಾನು ಹುಟ್ಟೋಕೆ ಮುಂಚೇನೇ ಒಣಗೋಯ್ತು. ಈಜು ಎಲ್ಲಿ ಕಲೀಲಿ, ಬೋರ್‌ವೆಲ್ ಒಳಗಾ?

ಬಾಬಾಜಾನ್: ಮತ್ತೆ ಯಾವ ಧೈರ್ಯದ ಮೇಲೆ ದೋಣಿ ಹತ್ತಿದೆ?

ಚಲಪತಿ: ನಿನ್ನ ಧೈರ್ಯದ ಮೇಲೆ.

ಬಾಬಾಜಾನ್: ಯಾ ಅಲ್ಲಾ! ನಾನು ನಿನ್ನ ಧೈರ್ಯದ ಮೇಲೆ ಹತ್ತಿದ್ದೆ!

ಅಷ್ಟರಲ್ಲಿ ಚಲಪತಿಯ ಫೋನು ಬಡಿದುಕೊಂಡಿತು. ಅವನ ಹೆಂಡತಿ ಕದಿರಮ್ಮ.

ಕದಿರಮ್ಮ: ಎಲ್ಲಿದೀರ್ರೀ? ಹುಳ ಹಣ್ಣಾಗೋದ್ವು!

ಚಲಪತಿ: ನಾಳೆ ತಾನೆ ಹಣ್ಣಾಗಬೇಕಾಗಿದ್ದು?

ಕದಿರಮ್ಮ: ನಾಳೆ ಅಂತ ಹುಳಕ್ಕೆ ಯಾರು ಹೇಳಿದ್ದು, ನೀವಾ? ಸೆಕೆ ಜಾಸ್ತಿಯಾಗಿ ಒಂದು ದಿನ ಮುಂಚೇನೇ ಸೊಪ್ಪು ಬಿಟ್ಬಿಟ್ವು. ತಲೆ ಎತ್ಕೊಂಡು ಗೂಡು ಕಟ್ಟೋಕೆ ಜಾಗ ಹುಡುಕ್ತಾ ಇದಾವೆ. ಮಧ್ಯಾಹ್ನದೊಳಗೆ ಆರಿಸಿ ಚಂದ್ರಂಕಿ ತಟ್ಟೆ ಮೇಲೆ ಬಿಡಲಿಲ್ಲ ಅಂದ್ರೆ ಕಸದಾಗೇ ಕಟ್ಕೊಳ್ತವೆ. ಒಂದು ತಿಂಗಳ ಪಾಡು ಮಣ್ಣಾಗುತ್ತೆ. ಆಳು ಒಬ್ಬರೂ ಸಿಗ್ತಾ ಇಲ್ಲ. ಎಷ್ಟೊತ್ತಿಗೆ ಬರ್ತೀರ?

ಚಲಪತಿ: ದೋಣಿ ಬಂದ ತಕ್ಷಣ ಹೊರಡ್ತೀವಿ.

ಕದಿರಮ್ಮ: ದೋಣಿ ಎಲ್ಲಿಗೆ ಹೋಗಿದೆ?

ಚಲಪತಿ: ಅದು... ಸ್ವಲ್ಪ ಆಚೆ ಹೋಗಿದೆ.

ಕದಿರಮ್ಮ: ದೋಣಿಗಾದ್ರೂ ಮನೆ ಕಡೆ ಹೋಗಬೇಕು ಅಂತ ಬುದ್ಧಿ ಇದೆ!

ಫೋನು ಕಟ್ಟಾಯಿತು. ಚಲಪತಿಯ ಮುಖ ಇಳಿದುಹೋಗಿತ್ತು. ಒಂದು ತಿಂಗಳು ಹಗಲೂ ರಾತ್ರಿ ಸೊಪ್ಪು ಹಾಕಿ ಸಾಕಿದ ಹುಳ. ಇನ್ನು ನಾಲ್ಕೈದು ಗಂಟೆ ಅಷ್ಟೆ. ಬಾಬಾಜಾನ್ ತಾನೇ ಒಂದು ಸಹಾಯವಾಣಿಯ ನಂಬರು ಒತ್ತಿ, ಸ್ಪೀಕರ್ ಹಾಕಿದ.

ಫೋನಿನ ಧ್ವನಿ: ನಮಸ್ಕಾರ, ಸಹಾಯವಾಣಿ. ಮೋಹನ್‌ಬಾಬು ಮಾತಾಡ್ತಾ ಇದೀನಿ.

ಬಾಬಾಜಾನ್: ಸಾರ್, ಬೋಡುಗುಂಡು ಕೆರೆ ಮಧ್ಯದಾಗೆ ಇಬ್ಬರು ಸಿಕ್ಕಾಕೊಂಡಿದೀವಿ.

ಮೋಹನ್‌ಬಾಬು: ಒಂದ್ನಿಮಿಷ ಸಾರ್... ಆ ಕೆರೆ ಬತ್ತೋಗಿದೆಯಲ್ಲ.

ಬಾಬಾಜಾನ್: ಯಾರು ಹೇಳಿದ್ದು?

ಮೋಹನ್‌ಬಾಬು: ಕಂಪ್ಯೂಟರಲ್ಲಿದೆ. "ನೀರಿಲ್ಲ, ಜಾಲಿ ಬೆಳೆದಿದೆ."

ಬಾಬಾಜಾನ್: ಜಾಲಿ ಇದೆ ಸಾರ್. ಅದರ ಕೆಳಗೇ ಕೂತಿದೀವಿ. ಸುತ್ತಾ ನೀರು!

ಮೋಹನ್‌ಬಾಬು: ಜಾಲಿ ಇದೆ ಅಂತ ನೀವೇ ಒಪ್ಕೊಂಡ್ರಲ್ಲ. ಹಂಗೇ ನಡ್ಕೊಂಡು ಬಂದ್ಬಿಡಿ.

ಚಲಪತಿ: ಎರಡು ವರ್ಷದ ಮಳೆಗೆ ಕೆರೆ ತುಂಬಿದೆ ಕಣ್ರೀ! ಕಣ್ಣೆದುರಿಗೇ ಇದೆ.

ಮೋಹನ್‌ಬಾಬು: ಎಷ್ಟು ಆಳ ಇದೆ, ನೋಡಿ ಹೇಳಿ.

ಬಾಬಾಜಾನ್ ಗುಡಾರಕ್ಕೆ ಕೊಟ್ಟಿದ್ದ ನೀಲಗಿರಿ ಗಳವನ್ನು ಕಿತ್ತು ನೀರಿಗಿಳಿಸಿದ. ಗುಡಾರ ಚಲಪತಿಯ ತಲೆಯ ಮೇಲೆ ಕುಸಿಯಿತು. ಗಳ ತಳ ಮುಟ್ಟಲಿಲ್ಲ, ಕೈಜಾರಿ ತೇಲಿಹೋಯಿತು.

ಬಾಬಾಜಾನ್: ಸಾರ್, ಗಳಾನೇ ತೇಲ್ಕೊಂಡು ಹೋಯ್ತು!

ಮೋಹನ್‌ಬಾಬು: ಗಾಳಿಗೆ ಹೋಗಿರ್ಬೇಕು ಸಾರ್.

ಚಲಪತಿ: *(ಗುಡಾರದ ಒಳಗಿಂದ)* ರೀ ಸ್ವಾಮಿ, ನೀರು ಇಲ್ಲದೇ ದೋಣೀಲಿ ಹೆಂಗ್ರೀ ಬರ್ತೀವಿ?

ಮೋಹನ್‌ಬಾಬು: ದೋಣೀಲಿ ಬಂದ್ರಾ? ಪರ್ಮಿಷನ್ ಇದೆಯಾ?

ಚಲಪತಿ: ಬತ್ತಿರೋ ಕೆರೆಗೆ ಪರ್ಮಿಷನ್ ಯಾಕೆ?

ಮೋಹನ್‌ಬಾಬು: ಬತ್ತಿರೋ ಕೆರೆಗೆ ಬೇಕಾಗಿಲ್ಲ. ನೀರಿರೋ ಕೆರೆಗೆ ಬೇಕು. ನೀರಿದೆ ಅಂದ್ರೆ ನಿಮ್ಮ ಮೇಲೆ ಕೇಸು. ನೀರಿಲ್ಲ ಅಂದ್ರೆ ಎದ್ದು ಬನ್ನಿ. ಯಾವುದು ಬರ್ಕೊಳ್ಲಿ?

ಬಾಬಾಜಾನ್: ಬೇರೆ ಏನೇನು ಬರ್ಕೊಳ್ತೀರ ಸಾರ್ ನೀವು?

ಮೋಹನ್‌ಬಾಬು: ಇಲ್ಲಿ ನಾಲ್ಕೇ ಇರೋದು. ಹಾವು, ಬೆಂಕಿ, ಬಾವಿಗೆ ಬಿದ್ದ ಹಸು, ಮರ ಬಿದ್ದಿದ್ದು.

ಬಾಬಾಜಾನ್: *(ಮೆಲ್ಲಗೆ)* ಚಲಪತೀ, ಬೆಂಕಿ ಅಂದ್ರೆ ಗಾಡಿ ಬೇಗ ಬರುತ್ತೆ. *(ಜೋರಾಗಿ)* ಸಾರ್, ಬೆಂಕಿ! ಬೆಂಕಿ ಸಾರ್!

ಮೋಹನ್‌ಬಾಬು: ಎಲ್ಲಿ ಹತ್ತಿದೆ?

ಬಾಬಾಜಾನ್: ಒಲೆಯಾಗೆ. ಚಾ ಇಟ್ಟಿದ್ದೆ.

ಮೋಹನ್‌ಬಾಬು: ಹತ್ತಿರದಲ್ಲಿ ನೀರು ಇದೆಯಾ?

ಬಾಬಾಜಾನ್: ಸುತ್ತಾ ನೀರೇ ಸಾರ್!

ಮೋಹನ್‌ಬಾಬು: ಹಂಗಾದ್ರೆ ನೀವೇ ಆರಿಸ್ಕೊಳ್ಳಿ. ಗಾಡಿ ಯಾಕೆ?

ಚಲಪತಿ ಗುಡಾರದಿಂದ ಹೊರಬಂದು ಫೋನು ಕಿತ್ತುಕೊಂಡ. ಅವನ ದನಿ ಬದಲಾಗಿತ್ತು.

ಚಲಪತಿ: ಸ್ವಾಮಿ, ಕೇಸಾದ್ರೂ ಹಾಕಿ, ಹಸು ಅಂತಲಾದ್ರೂ ಬರ್ಕೊಳ್ಳಿ. ಮನೇಲಿ ಹುಳ ಹಣ್ಣಾಗ್ತಾ ಇದಾವೆ. ಹೆಂಡತಿ ಒಬ್ಬಳೇ ಆರಿಸ್ತಾ ಇದಾಳೆ. ನೀವೇ ಬಂದು ನೋಡಿ. ನೀರಿಲ್ಲದಿದ್ರೆ ಎರಡು ಬಾರಿಸಿ, ತಲೆ ಬಗ್ಗಿಸ್ತೀನಿ.



ಮೋಹನ್‌ಬಾಬು: ನಮ್ಮಮ್ಮನೂ ಹುಳ ಸಾಕ್ತಿದ್ಳು... ಇರಿ. ನನ್ನ ಶಿಫ್ಟು ಮುಗೀತು. ಬಂದೇ ನೋಡ್ತೀನಿ. ಆದ್ರೆ ಆ ಕೆರೆ ಕೆಳಗಿನ ಊರೇ ಅಣ್ಣಾ ನಮ್ದು, ನಾವು ಊರು ಬಿಟ್ಟೇ ಆರು ವರ್ಷ. ನಾನು ಹುಟ್ಟಿ ಮೂವತ್ತೆರಡು ವರ್ಷ ಆಯ್ತು, ಅದರಾಗೆ ಕ್ರಿಕೆಟ್ ಆಡಿದೀನೇ ಹೊರತು ನೀರು ನೋಡಿಲ್ಲ.

ಮುಕ್ಕಾಲು ಗಂಟೆ ಕಳೆದ ಮೇಲೆ ಏರಿಯ ಮೇಲೆ ಒಂದು ಬೈಕು ಬಂದು ನಿಂತಿತು. ಹೆಲ್ಮೆಟ್ ಹಾಕಿಕೊಂಡೇ ಇಳಿದ ಮನುಷ್ಯ ಕೆರೆ ನೋಡಿದ. ಹೆಲ್ಮೆಟ್ ತೆಗೆದು ಮತ್ತೊಮ್ಮೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ನೀರಿನಂಚಿಗೆ ಹೋಗಿ, ಒಂದು ಬೊಗಸೆ ಎತ್ತಿ, ಬೆರಳ ಸಂದಿಯಿಂದ ಸೋರುವುದನ್ನು ನೋಡುತ್ತ ಅಲ್ಲೇ ಕುಕ್ಕರಿಸಿದ.

ಚಲಪತಿ: *(ಕೂಗಿ)* ಮೋಹನ್‌ಬಾಬುಗಳೇ! ದೋಣಿ ನಿಮ್ಮ ಎಡಗಡೆ ದಡಕ್ಕೆ ಹತ್ತಿದೆ!

ಮೋಹನ್‌ಬಾಬು: *(ಕೂಗಿ)* ಅಣ್ಣಾ, ನೀರು ಅಣ್ಣಾ!

ಚಲಪತಿ: ಗೊತ್ತು! ದೋಣಿ ತನ್ನಿ!

ಮೋಹನ್‌ಬಾಬು: ಒಂದ್ನಿಮಿಷ ಅಣ್ಣಾ, ನಮ್ಮಮ್ಮನಿಗೆ ತೋರಿಸ್ಬಿಡ್ತೀನಿ!

ಅವನು ವೀಡಿಯೋ ಕಾಲ್ ಹಚ್ಚಿ ತೆಲುಗಿನಲ್ಲಿ ಅಮ್ಮನಿಗೆ ಕೆರೆ ತೋರಿಸಿದ. ಅಮ್ಮ ಅಳುವುದು ನೀರಿನ ಮೇಲಿಂದ ದಿಣ್ಣೆಯವರೆಗೂ ಕೇಳಿಸಿತು. ಆಮೇಲೆ ಚಿಕ್ಕಮ್ಮನಿಗೆ ತೋರಿಸಿದ. ಗೌರಿಬಿದನೂರಿನ ಸೋದರಮಾವನಿಗೆ ತೋರಿಸಿದ. ಮಾವ ನಂಬದಿದ್ದುದರಿಂದ ನೀರಿಗೊಂದು ಕಲ್ಲು ಹಾಕಿ ತೋರಿಸಿದ.

ಬಾಬಾಜಾನ್: ಚಲಪತೀ, ಇವರ ನೆಂಟರು ಎಷ್ಟು ಜನ ಇರಬಹುದು?

ಚಲಪತಿ: ಹುಳಕ್ಕಿಂತ ಕಡಿಮೆ ಇದ್ರೆ ಸಾಕು.

ಕೊನೆಗೂ ಅವನು ದೋಣಿ ಹತ್ತಿದ. ಜೀವಮಾನದಲ್ಲಿ ಮೊದಲ ಸಲ. ಹಿಂದುಮುಂದಾಗಿ ಕೂತಿದ್ದರಿಂದ ದೋಣಿ ಎರಡು ಸುತ್ತು ಸುತ್ತಿ, ಮನಸ್ಸು ಬಂದಂತೆ ದಿಣ್ಣೆಗೆ ಬಂದು ಗುದ್ದಿತು. ಚಲಪತಿ ಹಾರಿ ಬಂದು ಹಗ್ಗದ ಇನ್ನೊಂದು ತುದಿಯನ್ನು ದೋಣಿಗೆ ತಾನೇ ಕಟ್ಟಿದ. ಆಗ ಮೂವರಿಗೂ ಹೊಳೆಯಿತು: ಹೋಗಬೇಕಾದವರು ಮೂವರು, ಕೂರಬಹುದಾದವರು ಇಬ್ಬರು, ಎರಡು ಸಲ ಓಡಾಡಲು ಹೊತ್ತಿಲ್ಲ.

ಬಾಬಾಜಾನ್: ಚಲಪತಿ ಹೋಗಲಿ. ಹುಳ ಅವನದು. ನಾನಿಲ್ಲೇ ಇರ್ತೀನಿ.

ಚಲಪತಿ: ಹೋಗೋ, ನೀನೊಬ್ಬನೇ ಇಲ್ಲಿದ್ರೆ ಮಾತಾಡೋಕೆ ಯಾರೂ ಇಲ್ಲದೆ ಬಿ.ಪಿ. ಏರುತ್ತೆ. ಹುಳ ಆರಿಸೋಕೆ ನಿನ್ನ ಕೈಯೂ ಬೇಕು.

ಮೋಹನ್‌ಬಾಬು: ಅಣ್ಣಾ... ನಾನಿರ್ಲಾ?

ಬಾಬಾಜಾನ್: ನೀವು ನಮ್ಮನ್ನ ಬಿಡಿಸೋಕೆ ಬಂದೋರು ಸಾರ್!

ಮೋಹನ್‌ಬಾಬು: ಬಿಡಿಸಿದೆನಲ್ಲ. ಅಣ್ಣಾ, ಆರು ವರ್ಷದಿಂದ ಎಂಟೆಂಟು ಗಂಟೆ ಈ ಕಿವಿಯಾಗೆ ಜನ ಕಿರುಚ್ತಾರೆ. ಹಾವು, ಬೆಂಕಿ, ಹಸು. ಇಲ್ಲಿ ನೋಡಿ... ಯಾರೂ ಇಲ್ಲ. ಆ ನೀರುಕೋಳಿ ಕೂಡ ಕಂಪ್ಲೇಂಟ್ ಹೇಳ್ತಾ ಇಲ್ಲ. ನಾಳೆ ನಂಗೆ ರಜ. ನಾಳೆ ಸಾಯಂಕಾಲ ಬಂದ್ರೆ ಸಾಕು.

ಚಲಪತಿ: ಊಟ?

ಮೋಹನ್‌ಬಾಬು: ನಿಮ್ಮ ಬುತ್ತಿ ಇದೆಯಲ್ಲ. ಹೊರಡಿ ಅಣ್ಣಾ, ಹುಳ ಕಾಯಲ್ಲ.

ಅವನು ಫೋನು ಆಫ್ ಮಾಡಿ, ಕುಸಿದ ಗುಡಾರವನ್ನೇ ಹಾಸಿಕೊಂಡು ಮಲಗಿಬಿಟ್ಟ.

ಸ್ನೇಹಿತರಿಬ್ಬರೂ ಎದ್ದುಬಿದ್ದು ಹುಟ್ಟು ಹಾಕಿದರು. ಏರಿಯ ಕೆಳಗೆ ನಿಂತಿದ್ದ ಬಾಬಾಜಾನನ ಗೂಡ್ಸ್ ಆಟೋದಲ್ಲಿ ಜಂಗಮಕೋಟೆ ಮುಟ್ಟಿದಾಗ ಹನ್ನೆರಡೂವರೆ. ಹುಳಮನೆಯಲ್ಲಿ ಕದಿರಮ್ಮನ ಜೊತೆ ಬಾಬಾಜಾನನ ಹೆಂಡತಿ ಹಮೀದಾ ಬೇಗಂ ಕೂತು ಎರಡೂ ಕೈಯಲ್ಲಿ ಹುಳ ಆರಿಸುತ್ತಿದ್ದರು. ಕದಿರಮ್ಮ ಫೋನು ಮಾಡಿದ ಕೂಡಲೇ ಶಿಡ್ಲಘಟ್ಟದಿಂದ ಬಂದವರು. ಅರ್ಧಕ್ಕಿಂತ ಹೆಚ್ಚು ಹುಳ ಆಗಲೇ ಚಂದ್ರಂಕಿಯ ಬಿದಿರು ಸುತ್ತುಗಳಲ್ಲಿ ಗೂಡು ಸುತ್ತಲು ತೊಡಗಿದ್ದವು. ಗಂಡಸರೂ ಕೂತು ಉಳಿದದ್ದನ್ನು ಆರಿಸಿದರು. ಮೂರೂವರೆಗೆ ಎಲ್ಲ ಮುಗಿಯಿತು. ಕಸದಲ್ಲಿ ಹೋದದ್ದು ಹಿಡಿಯಷ್ಟೇ. ಚಲಪತಿ ಚಂದ್ರಂಕಿಗೆ ಕಿವಿಯಿಟ್ಟು ನೂಲುವ ಹುಳಗಳ ಸಣ್ಣ ಸರಸರ ಕೇಳಿದ. ಕಣ್ಣೊರೆಸಿಕೊಂಡದ್ದನ್ನು ಬೆವರು ಅಂದ.

ಚಾ ಕುಡಿಯುತ್ತ ಬಾಬಾಜಾನ್ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದ. ಹೆಂಗಸರಿಬ್ಬರೂ ನಗಲಿಲ್ಲ. ಗಮನ ಕೊಟ್ಟು ಕೇಳಿದರು.

ಕದಿರಮ್ಮ: ಅಲ್ಲಿ ಅಡುಗೆ ಕೆಲಸ?

ಬಾಬಾಜಾನ್: ಏನಿದೆ ಅಕ್ಕಾ, ಬುತ್ತಿ ತಿನ್ನೋದು.

ಹಮೀದಾ ಬೇಗಂ: ಪಾತ್ರೆ?

ಬಾಬಾಜಾನ್: ಎರಡು ಲೋಟ.

ಕದಿರಮ್ಮ: ಫೋನು?

ಚಲಪತಿ: ಆಫ್ ಮಾಡ್ಕೊಂಡ್ರೆ ಯಾರೂ ಕೇಳೋರಿಲ್ಲ.

ಕದಿರಮ್ಮ ಹಮೀದಾ ಬೇಗಮ್ಮನ ಮುಖ ನೋಡಿದಳು. ಹಮೀದಾ ಬೇಗಂ ಸೆರಗು ಬಿಗಿದು ಎದ್ದರು.

ಕದಿರಮ್ಮ: ನಾಳೆ ನಾವಿಬ್ಬರೂ ಹೋಗ್ತೀವಿ. ಗೂಡು ಬಿಡಿಸೋ ಹೊತ್ತಿಗೆ ಇನ್ನೂ ಐದು ದಿನ ಇದೆ. ನೀವು ಮನೆ ನೋಡ್ಕೊಳ್ಳಿ.

ಚಲಪತಿ: ಅಲ್ಲ ಕಣೇ, ದೋಣೀಲಿ ಇಬ್ಬರಿಗೇ ಜಾಗ. ನೀವಿಬ್ಬರು ಕೂತ್ರೆ ಆ ಮೋಹನ್‌ಬಾಬುನ ಯಾರು ಕರ್ಕೊಂಡು ಬರ್ತಾರೆ?

ಕದಿರಮ್ಮ: ಅವರಿಗೆ ದೋಣಿ ಕೊಟ್ಟು ಕಳಿಸ್ತೀವಿ.

ಚಲಪತಿ: ಮತ್ತೆ ನೀವು ಹೆಂಗೆ ಬರ್ತೀರ?

ಕದಿರಮ್ಮ: ಬರ್ತೀವಿ ಅಂತ ಯಾರು ಹೇಳಿದ್ದು?